ಕೊನೆಯವರು ಬಂದ ಹೊತ್ತು

ಕರ್ನಿಪದವಿನ ತುದಿಯಲ್ಲಿ ವ್ಯಾನು ನಿಂತಾಗ ಏಳೂಕಾಲು.
ಮುಳಿಹುಲ್ಲಿನ ಮೇಲೆ ಮಂಜಿನ್ನೂ ಆರಿರಲಿಲ್ಲ.
ಎಲ್ಲರಿಗೂ ಒಂದೇ ಬಣ್ಣದ ಟೋಪಿ,
ಶಾಖೆಗೊಂದು ನಕ್ಷೆ, ಶಾಖೆಗೊಂದು ದಿಕ್ಸೂಚಿ, ಐದೈದು ಬಾಳೆಹಣ್ಣು.
ಹೆಡ್ಡಾಫೀಸಿನ ಹುಡುಗ ಮೈಕಿನಲ್ಲಿ ಹೇಳಿದ:
ಏಳು ಗುರುತು. ಕ್ರಮ ತಪ್ಪಬಾರದು.
ಮೊದಲು ಓಡಿ ಬಂದವರ ಲೆಕ್ಕ ಇಲ್ಲಿಲ್ಲ.
ತಂಡದ ಕೊನೆಯವರು ಬಂದ ಹೊತ್ತೇ
ತಂಡದ ಹೊತ್ತು.

ನಾನು ಬದಿಯಡ್ಕ ಶಾಖೆಯ ಕ್ಯಾಶಿಯರು.
ಹನ್ನೊಂದು ವರ್ಷದಿಂದ ಪರರ ಬಳೆ, ಪರರ ಕರಿಮಣಿ
ಲಕೋಟೆಗೆ ಹಾಕಿ ಅಂಟಿಸುವವಳು.
ಇಂಥ ನಿಯಮ ಕಂಪೆನಿಯಲ್ಲಿ ಕೇಳಿದ್ದು ಇದೇ ಮೊದಲು.

ಚಿನ್ನ ಉಜ್ಜಿ ನೋಡುವ ಸುಬ್ರಾಯ ಆಚಾರಿ
ದಿಕ್ಸೂಚಿಯನ್ನು ಅಂಗೈಯಲ್ಲಿಟ್ಟು ತೂಗಿದರು, ಅಭ್ಯಾಸಬಲ.
"ಹಿತ್ತಾಳೆ," ಎಂದರು.
"ಪಡುವಲ್ಲಿ ಕಡಲು ಕಾಣುವಾಗ
ಬಡಗು ಹೇಳಲಿಕ್ಕೆ ಸೂಜಿ ಯಾಕೆ?"
ಮ್ಯಾನೇಜರು ವಿನಯಚಂದ್ರನ್ ನಗಲಿಲ್ಲ.
ನಕ್ಷೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು,
ತುಂಬಿದ ಸಾರಿನ ತಟ್ಟೆಯ ಹಾಗೆ.

ಮೊದಲ ಗುರುತು ಗೇರುಮರದ ಬುಡ. ಸಿಕ್ಕಿತು.
ಎರಡನೆಯದು ಬತ್ತಿದ ಮದಕದ ಕಟ್ಟೆ. ಅದೂ ಸಿಕ್ಕಿತು,
ಮಸೂದನ ಕಾಲಿಗೊಂದು ಮುಳ್ಳಿನ ಜೊತೆ.
ವಸೂಲಿಗೆ ಹೋಗುವ ಹುಡುಗ ಅವನು.
ಗುಡ್ಡೆಯ ನಾಲ್ಕೂ ಬದಿಯ ಮನೆಗಳು ಗೊತ್ತು,
ಬೈಕಿನ ಸದ್ದಿಗೆ ಮುಚ್ಚಿಕೊಳ್ಳುವ ಬಾಗಿಲುಗಳಾಗಿ ಗೊತ್ತು.
ಇವತ್ತು ನಡೆದು ಬಂದವನಿಗೆ
ಒಬ್ಬಾಕೆ ಚೊಂಬಿನಲ್ಲಿ ನೀರು ತಂದಳು.
ಟೋಪಿಯನ್ನು ಹುಬ್ಬಿಗೆಳೆದುಕೊಂಡು ಕುಡಿದ.

ಮೂರನೆಯದು ಗುಡ್ಡೆಯ ನೆತ್ತಿ.
ನಕ್ಷೆಯಲ್ಲಿ ಕಂದು ಗೆರೆಗಳು ಒಂದರೊಳಗೊಂದು,
ಕೊಯ್ದ ನೀರುಳ್ಳಿ.
ಹೋಗಿ ನಿಂತರೆ ಹೊಂಡ.
ಕೆಂಪುಕಲ್ಲಿನ ಗೋಡೆಯಲ್ಲಿ ಗರಗಸದ ಗೀರು,
ತಳದಲ್ಲಿ ಹಸಿರು ನೀರು.
ನೆತ್ತಿ ಇಷ್ಟಿಷ್ಟೇ ಲಾರಿಯಲ್ಲಿಳಿದು
ಯಾರ್ಯಾರದೋ ಪಾಗಾರವಾಗಿತ್ತು.
ಅಂಚಿನ ಕೋಲಿಗೆ ಬಾವುಟ ಮಾತ್ರ ಕಟ್ಟಿತ್ತು,
ಇದೇ ನೆತ್ತಿ ಎಂಬಂತೆ.
ವಿನಯಚಂದ್ರನ್ ನಕ್ಷೆ ನೋಡಿದರು, ಹೊಂಡ ನೋಡಿದರು,
ಮತ್ತೆ ನಕ್ಷೆ.
ಮಾರ್ಚಿನ ಕೊನೆಯ ವಾರ ಅವರ ಮುಖ ಹೀಗೇ ಇರುತ್ತದೆ:
ಇಲ್ಲದ ಗುಡ್ಡೆ ಹತ್ತಿ ಎಂದು ಮೇಲಿನಿಂದ ಬರುತ್ತದೆ,
ಹತ್ತಿದೆವು ಎಂದು ಇಲ್ಲಿಂದ ಹೋಗಬೇಕು.

ಒತ್ತಿ ತೂತು ಮಾಡುವ ಕಾರ್ಡು ನನ್ನ ಕೈಯಲ್ಲಿ.
ಐದು ಹೆಸರು, ಒಂದೊಂದರ ಮುಂದೆ ಏಳು ಚೌಕ.
ಹಿಂದಿನ ತಿಂಗಳು ಅಚ್ಚಾದದ್ದು.
ಐದನೆಯ ಹೆಸರು ಜಲಜಾಕ್ಷಿ.

ಶಾಖೆಗೆ ನಾಲ್ವರು ಸಾಕು ಎಂದು ಬುಧವಾರ ಬಂತು.
ಅವಳು ಬೀಗದ ಕೈ ಮೇಜಿನ ಮೇಲಿಟ್ಟು
ಬುತ್ತಿ, ಕನ್ನಡಕದ ಡಬ್ಬಿ, ಕೊಡೆ ತಗೊಂಡು
ನನ್ನ ಕಿಂಡಿಯ ಮುಂದೆ ಒಂದು ಕ್ಷಣ ನಿಂತಳು.
ನಾನು ನೂರರ ಕಟ್ಟು ಎಣಿಸುತ್ತಿದ್ದೆ.
ನಿಲ್ಲಿಸಲಿಲ್ಲ.
ನಿಲ್ಲಿಸಿದರೆ
ಮೊದಲಿನಿಂದ ಎಣಿಸಬೇಕಲ್ಲ.

"ಅದನ್ನೂ ಒತ್ತು," ಎಂದರು ಆಚಾರಿ.
ವಿನಯಚಂದ್ರನ್ ಕಡಲಿನ ಕಡೆ ತಿರುಗಿದರು.
ಒತ್ತಿದೆ. ಬಿಟ್ಟುಹೋಗಿದ್ದ ಎರಡನ್ನೂ ಒತ್ತಿದೆ.
ಸುರಂಗದ ಬಾಯಿಯಲ್ಲಿ, ಒಂಟಿ ತಾಳೆಯ ಕೆಳಗೆ,
ಯಾರೂ ಏನೂ ಹೇಳದೆ ಐದೈದು ತೂತು.

ವ್ಯಾನಿನ ಬಳಿ ಮುಟ್ಟಿದಾಗ ಹತ್ತೂವರೆ.
ಕುಂಬಳೆಯವರು, ಮುಳ್ಳೇರಿಯದವರು ಆಗಲೇ ಇಡ್ಲಿಗೆ ಕೂತಿದ್ದರು.
ಹುಡುಗ ನಮ್ಮನ್ನೆಣಿಸಿದ. ಕಾರ್ಡು ನೋಡಿದ.
"ಐದನೆಯವರು?"

ಮಸೂದ ಕಾಲಿನ ಮುಳ್ಳು ಹುಡುಕತೊಡಗಿದ.
ಪತ್ರ ಕೊಟ್ಟ ಕೈಯಿಂದ ಬೆವರೊರೆಸಿಕೊಂಡು
ವಿನಯಚಂದ್ರನ್ ಹೇಳಿದರು, ಅವರ ಹರಕು ಕನ್ನಡದಲ್ಲಿ:
"ಹಿಂದೆ ಉಂಟು. ಬರುತ್ತಾಳೆ."

ಹುಡುಗ ಗಡಿಯಾರ ನಿಲ್ಲಿಸಲಿಲ್ಲ.
ನಾವು ನಾಲ್ವರು ಮುರಕಲ್ಲಿನ ಮೇಲೆ
ಬಂದ ದಾರಿಯ ಕಡೆ ಮುಖ ಮಾಡಿ ಕೂತೆವು.
ಕಲ್ಲು ಕಾಯತೊಡಗಿತ್ತು.